ಮಹಾನಗರದಲ್ಲಿ ಸೈಕಲ್: ಸವಾರಿ, ಸಲಕರಣೆ, ಸ್ಪರ್ಧೆ

ಹೊಟ್ಟೆಪಾಡನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಅನೇಕರ ಮೊದಲ ವಾಹನ ಸೈಕಲ್ಲೇ ಆಗಿತ್ತು. ಊರಿನ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಗಂಟೆಯ ಲೆಕ್ಕದಲ್ಲಿ ಕಾಸು ತೆತ್ತು, ಸೀಟಿನಿಂದ ಕಾಲು ನಿಲುಕದ ಕಾರಣ ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು, ಮಂಡಿ ಮೊಣಕೈಗಳನ್ನು ತರಚಿಕೊಂಡು ಸಂಪಾದಿಸಿದ ವಿದ್ಯೆ ಅದು. ಮಹಾನಗರಕ್ಕೆ ಬಂದೊಡನೆ ಅವರು ಮೊದಲು ಕೈಬಿಟ್ಟದ್ದೂ ಆ ವಿದ್ಯೆಯನ್ನೇ. ಲೋಕಲ್ ಗಾಡಿ, ಬಸ್ಸು, ಅನಂತರ ಸ್ಕೂಟರು, ಅನುಕೂಲವಿದ್ದವರಿಗೆ ಕಾರು. ಕಚೇರಿಯಲ್ಲಿ ಎಂಟು ತಾಸು ಕುರ್ಚಿ, ಮನೆಯಲ್ಲಿ ಮತ್ತೆ ಕುರ್ಚಿ. ಹೋಟೆಲಿನ ಗಲ್ಲೆಯ ಹಿಂದೆ ಕುಳಿತವರ ಪಾಡಾಗಲಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರ ಪಾಡಾಗಲಿ ಇದಕ್ಕಿಂತ ಭಿನ್ನವಲ್ಲ. ನಲವತ್ತು ದಾಟುವುದರೊಳಗೆ ಸೊಂಟದ ಪಟ್ಟಿಗೆ ಹೊಸ ತೂತು ಬೇಕಾಗುತ್ತದೆ. ನಲವತ್ತೈದರ ಸುಮಾರಿಗೆ ವೈದ್ಯರು ರಕ್ತದ ಸಕ್ಕರೆಯ ವರದಿಯನ್ನು ನೋಡಿ ಕನ್ನಡಕದ ಮೇಲಿಂದ ದಿಟ್ಟಿಸುತ್ತಾರೆ.

ಕುಳಿತು ದುಡಿಯುವುದಕ್ಕೂ ಹೃದಯದ ಕಾಯಿಲೆಗೂ ಸಂಬಂಧವಿದೆಯೆಂಬುದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಪ್ರಮುಖರು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಒಂದೇ ಬಸ್ಸಿನಲ್ಲಿ ದುಡಿಯುವ ಈ ಇಬ್ಬರಲ್ಲಿ ಕಂಡಕ್ಟರನಿಗೆ ಹೃದಯಾಘಾತ ಕಡಿಮೆಯೆಂದು 1953ರಲ್ಲಿ ಪ್ರಕಟವಾದ ಅವರ ಅಧ್ಯಯನ ಸಾರಿತು. ಸೈಕಲ್ಲಿಗೇ ಸಂಬಂಧಿಸಿದ ಲೆಕ್ಕವೂ ಇದೆ. ಕೋಪನ್‌ಹೇಗನ್ ನಗರದ ಜನರನ್ನು ದೀರ್ಘಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇತರ ಕಾರಣಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗದವರ ಮರಣ ಪ್ರಮಾಣ ಹೋಗುವವರಿಗಿಂತ ಶೇಕಡಾ 39ರಷ್ಟು ಹೆಚ್ಚಿತ್ತು. 2017ರಲ್ಲಿ ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಜನರ ಅಧ್ಯಯನವೊಂದು ಇದೇ ದಿಕ್ಕಿನಲ್ಲಿ ಸಾಕ್ಷಿ ನುಡಿಯಿತು. ಇಂಥ ಅಂಕಿ-ಅಂಶಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರೋಗ್ಯವಂತರೇ ಸೈಕಲ್ ಹತ್ತುತ್ತಾರೆಯೋ, ಸೈಕಲ್ ಹತ್ತಿದವರು ಆರೋಗ್ಯವಂತರಾಗುತ್ತಾರೆಯೋ ಎಂಬುದನ್ನು ಪೂರ್ತಿಯಾಗಿ ಬಿಡಿಸಿ ಹೇಳುವುದು ಕಷ್ಟ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ಹೇಳಿದುದನ್ನು ನೆನೆದರೆ, ಮನೆಯಿಂದ ರೈಲು ನಿಲ್ದಾಣಕ್ಕೆ ಹೋಗಿ ಬರುವ ಹದಿನೈದು ಹದಿನೈದು ನಿಮಿಷಗಳ ಸವಾರಿ ವಾರದ ಐದು ದಿನಗಳಲ್ಲಿ ಆ ಕನಿಷ್ಠ ಮೊತ್ತವನ್ನು ಸರಿಯಾಗಿ ತುಂಬುತ್ತದೆ. ಬೇರೆ ಸಮಯವನ್ನು ಮೀಸಲಿಡಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಲಾಭ.

“ಈ ವಯಸ್ಸಿನಲ್ಲಿ ಸೈಕಲ್ಲೇನ್ರೀ?” ಎಂದು ಮನೆಯಾಕೆ ಕೇಳಿದರೆ ಆ ಪ್ರಶ್ನೆಯಲ್ಲಿ ಅರ್ಥವಿಲ್ಲವೆಂದು ತಳ್ಳಿಹಾಕಬಾರದು. ಇಪ್ಪತ್ತು ವರ್ಷ ಪೆಡಲ್ ಮುಟ್ಟದವರು, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸವಾರಿಯ ನಡುವೆ ಎದೆ ಹಿಡಿದಂತಾದರೆ, ಎಡತೋಳು ಅಥವಾ ದವಡೆಗೆ ನೋವು ಹರಿದರೆ, ಇನ್ನು ಸ್ವಲ್ಪ ದೂರವಲ್ಲವೇ ಎಂದು ಮುಂದುವರಿಯದೆ ಅಲ್ಲಿಯೇ ಇಳಿದು ನೆರವು ಕೇಳಬೇಕು. ಮಧುಮೇಹಕ್ಕೆ ಇನ್ಸುಲಿನ್ ಇಲ್ಲವೆ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರ ಇಳಿದುಹೋಗುವ ಸಂಭವವಿದೆ. ಕೈ ನಡುಗಿ ತಣ್ಣನೆಯ ಬೆವರು ಬಂದರೆ ಅದು ಆಯಾಸವಲ್ಲ. ಜೇಬಿನಲ್ಲಿ ನಾಲ್ಕು ಚಮಚೆ ಸಕ್ಕರೆಯ ಪೊಟ್ಟಣವಿದ್ದರೆ ಆ ಹೊತ್ತಿಗೆ ಜೀವ ಉಳಿದೀತು. ಪಾದದ ಸ್ಪರ್ಶಜ್ಞಾನ ಕುಂದಿದವರು ಚಪ್ಪಲಿಯಲ್ಲಿ ಸವಾರಿ ಮಾಡದೆ ಮುಚ್ಚಿದ ಬೂಟು ಧರಿಸಬೇಕು.

ಇನ್ನು ಸೈಕಲ್ಲಿನ ಆಯ್ಕೆ. ನಮ್ಮ ತಂದೆಯವರ ಕಾಲದ ಕರಿಯ ಸೈಕಲ್, ಅಂದರೆ ಹಾಲಿನವನೂ ಅಂಚೆಯವನೂ ಬಳಸುತ್ತಿದ್ದ ಆ ಭಾರದ ಗಾಡಿ, ಇಂದಿಗೂ ಮಾರಾಟದಲ್ಲಿದೆ. ಅದರ ಮುಂದಿನ ಹಲ್ಲಿನ ಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎರಡೂವರೆ ಸುತ್ತಿಗೆ ತುಸು ಕಡಿಮೆ ತಿರುಗುತ್ತದೆ. ಆ ಗಾಲಿಯ ಸುತ್ತಳತೆ ಸುಮಾರು ಎರಡೂಕಾಲು ಮೀಟರ್ ಆದುದರಿಂದ ಪೆಡಲಿನ ಒಂದು ಸುತ್ತಿಗೆ ಐದೂವರೆ ಮೀಟರ್ ದಾರಿ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 20 ಕಿಲೋಮೀಟರ್. ಸಮತಟ್ಟಾದ ರಸ್ತೆಗೆ ಇದು ಹದವಾದ ಲೆಕ್ಕ. ಆದರೆ ಮೇಲ್ಸೇತುವೆ ಏರುವಾಗ, ಎದುರುಗಾಳಿಯಲ್ಲಿ, ಅದೇ ಐದೂವರೆ ಮೀಟರನ್ನು ಮಂಡಿಯೇ ಹೊರಬೇಕು. ಗೇರಿನ ಸೈಕಲ್ ಮಾಡುವುದಿಷ್ಟೇ: ಏರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಎರಡು ಮೂರು ಮೀಟರ್ ಮಾತ್ರ ಸಾಗುವಂತೆ ಹೊರೆಯನ್ನು ಹಂಚುತ್ತದೆ. ನಲವತ್ತು ಮೀರಿದವರು, ಏರಿಳಿತವುಳ್ಳ ಪುಣೆ ಹೈದರಾಬಾದುಗಳಲ್ಲಿ ವಾಸಿಸುವವರು, ಗೇರಿಗಾಗಿ ಕೊಡುವ ಹಣವನ್ನು ಶೋಕಿಯೆಂದು ತಿಳಿಯಬಾರದು. ಹಾಗೆಂದು ಇಪ್ಪತ್ತೇಳು ಗೇರುಗಳ ಆಮಿಷಕ್ಕೂ ಒಳಗಾಗಬೇಕಿಲ್ಲ. ನಗರದೊಳಗಿನ ಓಡಾಟಕ್ಕೆ ಏಳೆಂಟು ಧಾರಾಳ. ಮುಂದೆ ದಪ್ಪ ಸ್ಪ್ರಿಂಗಿನ ಕವೆಯಿರುವ, ಗುಡ್ಡಗಾಡಿನದೆಂದು ಹೇಳಿ ಮಾರುವ ಅಗ್ಗದ ಸೈಕಲ್ ನೋಡಲು ಗಟ್ಟಿಯಾಗಿ ಕಂಡರೂ ನಗರದ ಡಾಂಬರು ರಸ್ತೆಗೆ ಅದೊಂದು ವ್ಯರ್ಥ ಭಾರ. ಆ ಹಣದಲ್ಲಿ ಮಡ್‌ಗಾರ್ಡ್, ಕ್ಯಾರಿಯರ್, ಒಳ್ಳೆಯ ದೀಪ ಕೊಂಡರೆ ಮೇಲು.

ಸೈಕಲ್ ಹೊಡೆದರೆ ಮಂಡಿ ನೋಯುತ್ತದೆಂದು ಬಿಟ್ಟವರು ಎಷ್ಟೋ ಮಂದಿ. ಅವರಲ್ಲಿ ಬಹಳಷ್ಟು ಜನರ ಮಂಡಿಯಲ್ಲಿ ದೋಷವಿರುವುದಿಲ್ಲ, ಸೀಟಿನ ಎತ್ತರದಲ್ಲಿರುತ್ತದೆ. ಅಂಗಡಿಯವನು ಕೊಟ್ಟಂತೆಯೇ ತಗ್ಗಾದ ಸೀಟಿನಲ್ಲಿ, ಎರಡೂ ಅಂಗಾಲು ನೆಲಕ್ಕೆ ಊರುವಂತೆ ಕುಳಿತು ತುಳಿಯುವುದು ನಮ್ಮಲ್ಲಿ ರೂಢಿ. ಹಾಗೆ ಕುಳಿತಾಗ ಮಂಡಿ ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಮಡಚಿಕೊಂಡೇ ಬಲ ಹಾಕಬೇಕಾಗಿ ಮಂಡಿಚಿಪ್ಪಿನ ಹಿಂಬದಿ ಒತ್ತಡಕ್ಕೆ ಸಿಗುತ್ತದೆ. ಸರಿಯಾದ ಎತ್ತರ ಕಂಡುಹಿಡಿಯುವುದು ಸುಲಭ. ಗೋಡೆಗೆ ಆನಿಸಿಕೊಂಡು ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನಿಡಬೇಕು. ಆಗ ಕಾಲು ನೇರವಾಗಬೇಕು, ಸೊಂಟ ಓಲಬಾರದು. ಅನಂತರ ಸವಾರಿಯಲ್ಲಿ ಹಿಮ್ಮಡಿಯ ಬದಲು ಪಾದದ ಮುಂಭಾಗದಿಂದ ತುಳಿದಾಗ ಮಂಡಿಯಲ್ಲಿ ತಕ್ಕಷ್ಟು ಬಾಗು ತಾನಾಗಿ ಉಳಿಯುತ್ತದೆ. ಸ್ಪರ್ಧಾಳುಗಳ ಲೋಕದಲ್ಲಿ ಇನ್ನೊಂದು ಸೂತ್ರವಿದೆ: ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲುಗಳ ನಡುವಿನ ಅಚ್ಚಿನಿಂದ ಸೀಟಿನ ನೆತ್ತಿಯವರೆಗಿನ ದೂರ ದೊರೆಯುತ್ತದೆ. ಅಳತೆ 80 ಸೆಂಟಿಮೀಟರ್ ಇದ್ದರೆ ಸುಮಾರು 70.5. ಇದು ಆರಂಭದ ಅಂದಾಜು ಮಾತ್ರ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟನ್ನು ಅರ್ಧ ಸೆಂಟಿಮೀಟರ್ ಏರಿಸಿ ನೋಡಬೇಕು, ಹಿಂಭಾಗ ನೋಯುತ್ತಿದ್ದರೆ ಇಳಿಸಿ ನೋಡಬೇಕು. ಒಂದೇ ದಿನ ಎರಡು ಅಂಗುಲ ಏರಿಸಿದವರಿಗೆ ಸೊಂಟನೋವು ಬಳುವಳಿಯಾಗಿ ಬರುತ್ತದೆ. ಸರಿಯಾದ ಎತ್ತರದ ಸೀಟಿನಿಂದ ನಿಂತಾಗ ಕಾಲ್ಬೆರಳು ಮಾತ್ರ ನೆಲಕ್ಕೆ ತಾಗುತ್ತದೆ. ಇದು ಮೊದಲು ಅಂಜಿಕೆ ಹುಟ್ಟಿಸುವುದು ನಿಜ. ಸಿಗ್ನಲ್ಲಿನಲ್ಲಿ ಸೀಟು ಬಿಟ್ಟು ಮುಂದಕ್ಕೆ ಇಳಿದು ನಿಲ್ಲುವ ಅಭ್ಯಾಸವನ್ನು ಭಾನುವಾರದ ಬೆಳಗ್ಗೆ ಖಾಲಿ ಮೈದಾನದಲ್ಲಿ ಮಾಡಿಕೊಂಡರೆ ಆ ಅಂಜಿಕೆ ಹೋಗುತ್ತದೆ.

ಮಂಡಿಯ ಎರಡನೆಯ ವೈರಿ ಭಾರದ ಗೇರು. ಸಾವಕಾಶವಾಗಿ, ಬಲವಾಗಿ ತುಳಿಯುವುದು ಶಕ್ತಿಯ ಲಕ್ಷಣವೆಂದು ಕೆಲವರು ಭಾವಿಸುತ್ತಾರೆ. ನಿಮಿಷಕ್ಕೆ 60ರಿಂದ 80 ಸುತ್ತುಗಳಂತೆ ಹಗುರವಾಗಿ ತುಳಿಯುವುದೇ ಕ್ಷೇಮ. ಕೈ ಜುಮುಗುಟ್ಟಿದರೆ ಹ್ಯಾಂಡಲಿನ ಮೇಲೆ ಮೈಭಾರ ಹೆಚ್ಚು ಬೀಳುತ್ತಿದೆಯೆಂದು ಅರ್ಥ. ಹ್ಯಾಂಡಲನ್ನು ತುಸು ಏರಿಸಬೇಕು, ಹಿಡಿತ ಬದಲಿಸುತ್ತಿರಬೇಕು. ಸೀಟು ಮೆತ್ತಗಿದ್ದಷ್ಟೂ ಸುಖವೆಂಬುದು ಅಂಗಡಿಯಲ್ಲಿ ಐದು ನಿಮಿಷ ಕುಳಿತವರ ಅಭಿಪ್ರಾಯ. ತೀರ ಮೆತ್ತನೆಯ ಸೀಟಿನಲ್ಲಿ ಕುಳಿತ ಮೂಳೆಗಳು ಹುದುಗಿಹೋಗಿ ಭಾರವೆಲ್ಲ ನಡುವಿನ ನರಗಳ ಮೇಲೆ ಬೀಳುತ್ತದೆ, ಅರ್ಧ ಗಂಟೆಯಲ್ಲಿ ಮರಗಟ್ಟುತ್ತದೆ. ಹೆಂಗಸರ ಕುಳಿತ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚಾದುದರಿಂದ ಅವರಿಗೆ ಅಗಲವಾದ ಸೀಟು ಬೇಕಾಗುತ್ತದೆ. ಗಂಡನ ಸೈಕಲ್ಲನ್ನೇ ಹೆಂಡತಿಗೂ ಹೊಂದಿಸುವ ಮಿತವ್ಯಯ ಇಲ್ಲಿ ಸಲ್ಲದು.

ಸಲಕರಣೆಗಳ ಪಾಲನೆಗೆ ವಾರಕ್ಕೆ ಹತ್ತು ನಿಮಿಷ ಸಾಕು. ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ; ಹೆಬ್ಬೆರಳಿನಿಂದ ಒತ್ತಿ ಅಂದಾಜು ಮಾಡುವುದಕ್ಕಿಂತ ಮಾಪಕವುಳ್ಳ ಪಂಪು ಕೊಳ್ಳುವುದು ಲೇಸು. ಗಾಳಿ ಕಡಿಮೆಯಾದ ಟೈರು ಕಾಲಿಗೂ ಭಾರ, ಪಂಕ್ಚರಿಗೂ ಆಹ್ವಾನ. ಬ್ರೇಕುಗಳಲ್ಲಿ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನದು. ಪಲ್ಟಿ ಹೊಡೆಯುವ ಭಯದಿಂದ ಹಿಂದಿನ ಬ್ರೇಕೊಂದನ್ನೇ ನಂಬಿದವರು ನಿಲ್ಲಬೇಕಾದ ಜಾಗವನ್ನು ದಾಟಿ ನಿಲ್ಲುತ್ತಾರೆ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಂತಹಂತವಾಗಿ ಬಿಗಿಯುತ್ತ ಹಿಡಿಯುವುದನ್ನು ರೂಢಿಸಿಕೊಳ್ಳಬೇಕು. ಮಳೆಯಲ್ಲಿ ರಿಮ್ಮಿನ ಮೇಲಿನ ನೀರು ಒರೆಸಿಹೋಗುವವರೆಗೆ ಬ್ರೇಕಿನ ರಬ್ಬರು ಹಿಡಿಯುವುದೇ ಇಲ್ಲ. ಆದುದರಿಂದ ಮುಂಚಿತವಾಗಿಯೇ ಮೆಲ್ಲಗೆ ತಾಗಿಸುತ್ತ ಬರಬೇಕು. ಚೈನಿಗೆ ಎಣ್ಣೆ ಹಾಕುವುದೆಂದರೆ ಸುರಿಯುವುದಲ್ಲ. ಪ್ರತಿ ಕೊಂಡಿಗೆ ಒಂದು ತೊಟ್ಟು ಬಿಟ್ಟು, ಹೊರಗೆ ಉಳಿದುದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು, ಇಲ್ಲವಾದರೆ ನಗರದ ಧೂಳೆಲ್ಲ ಅಲ್ಲಿಗೇ ಬಂದು ಕೂರುತ್ತದೆ. ಚೈನು ಸವೆದಿದೆಯೇ ಎಂದು ತಿಳಿಯಲು ಶಾಲೆಯ ಅಡಿಪಟ್ಟಿಯೇ ಸಾಕು. ಹೊಸ ಚೈನಿನಲ್ಲಿ ಒಂದು ಗೂಟದಿಂದ ಎಣಿಸಿ 24ನೆಯ ಗೂಟ ಸರಿಯಾಗಿ 12 ಅಂಗುಲಕ್ಕೆ ಬರುತ್ತದೆ. ಅದು ಅಂಗುಲದ ಹದಿನಾರನೆಯ ಒಂದು ಭಾಗ ಮುಂದೆ ಹೋದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೆಯ ಒಂದು ಭಾಗ ಹೋಗುವವರೆಗೆ ಕಾದರೆ ಹಲ್ಲಿನ ಚಕ್ರಗಳ ಬೆಲೆಯನ್ನೂ ಕೂಡಿಸಿ ತೆರಬೇಕಾದೀತು.

ಇಷ್ಟೆಲ್ಲ ಸರಿಯಾಗಿದ್ದರೂ ರಸ್ತೆ ನಮ್ಮದಲ್ಲವಲ್ಲ ಎಂಬ ಅಳುಕು ಉಳಿದೇ ಉಳಿಯುತ್ತದೆ. ಅದು ಸುಳ್ಳು ಅಳುಕಲ್ಲ. ಸೈಕಲ್ ಸವಾರನ ಜೀವ ತೆಗೆಯುವ ಸನ್ನಿವೇಶಗಳಲ್ಲಿ ಮುಖ್ಯವಾದುದು ಎಡಕ್ಕೆ ತಿರುಗುವ ಲಾರಿ ಇಲ್ಲವೆ ಬಸ್ಸು. ಸಿಗ್ನಲ್ಲಿನಲ್ಲಿ ಅದರ ಎಡಬದಿಗೆ ಸೇರಿಕೊಂಡು ನಿಂತವನು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೇ ಅವಸರವಿರಲಿ, ದೊಡ್ಡ ವಾಹನದ ಎಡಪಕ್ಕಕ್ಕೆ ನುಗ್ಗದೆ ಅದರ ಹಿಂದೆ ದೂರದಲ್ಲಿ ನಿಲ್ಲಬೇಕು. ರಸ್ತೆಯ ತೀರ ಅಂಚಿಗೆ ಅಂಟಿಕೊಂಡು ಹೋಗುವುದು ಸುರಕ್ಷಿತವೆಂಬ ಭಾವನೆಯೂ ತಪ್ಪು. ಅಲ್ಲಿ ಚರಂಡಿಯ ಜಾಲರಿ, ಮರಳು, ಗಾಜಿನ ಚೂರು ಇರುತ್ತವೆ; ನಿಂತ ಕಾರಿನ ಬಾಗಿಲು ಮುನ್ಸೂಚನೆಯಿಲ್ಲದೆ ತೆರೆದುಕೊಳ್ಳುತ್ತದೆ. ನಿಂತ ಕಾರುಗಳಿಂದ ಒಂದು ಮೀಟರ್ ದೂರದಲ್ಲಿ, ಅತ್ತಿತ್ತ ಹೊಯ್ದಾಡದೆ ನೇರವಾಗಿ ಸಾಗಿದರೆ ಹಿಂದಿನವನಿಗೆ ನಮ್ಮ ನಡೆ ತಿಳಿಯುತ್ತದೆ. ಹಿಂದೆ ಊರುಗಳಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೋಲೀಸರು ಹಿಡಿಯುತ್ತಿದ್ದರು. ಇಂದು ಕೇಳುವವರಿಲ್ಲದಿದ್ದರೂ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಅನಿವಾರ್ಯ; ಹಗಲಲ್ಲೂ ಹಿಂದಿನ ದೀಪ ಮಿನುಗುತ್ತಿದ್ದರೆ ನಷ್ಟವಿಲ್ಲ. ಮುಂಬಯಿಯ ಮಳೆಗಾಲದಲ್ಲಿ ನೀರು ನಿಂತ ರಸ್ತೆಗೆ ಸೈಕಲ್ ಇಳಿಸಬಾರದು, ಆ ನೀರಿನಡಿ ತೆರೆದ ಗುಂಡಿಯಿದ್ದರೆ ಕಾಣುವುದಿಲ್ಲ. ದಿಲ್ಲಿಯ ಕಾರ್ತೀಕ ಮಾಸದ ಹೊಗೆಮಂಜಿನಲ್ಲಿ ಹೊರಗಿನ ಸವಾರಿಯನ್ನು ಕೆಲವು ವಾರ ನಿಲ್ಲಿಸುವುದೇ ವಿವೇಕ. ಬಾಂದ್ರಾ-ವರ್ಲಿ ಸಮುದ್ರಸೇತುವೆಯಲ್ಲಿಯೂ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿಯೂ ಸೈಕಲ್ಲಿಗೆ ಪ್ರವೇಶವಿಲ್ಲವೆಂಬುದನ್ನು ಹೊಸಬರು ತಿಳಿದಿರಬೇಕು. ಹೈದರಾಬಾದಿನಲ್ಲಿ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೌರಫಲಕಗಳ ಚಾವಣಿಯುಳ್ಳ 23 ಕಿಲೋಮೀಟರಿನ ಸೈಕಲ್ ದಾರಿ 2023ರ ಅಕ್ಟೋಬರಿನಲ್ಲಿ ತೆರೆಯಿತು. ಇದು ಸ್ತುತ್ಯವಾದರೂ, ತರಕಾರಿ ತರಲು ಹೋಗುವವನಿಗೆ ಬೇಕಾದುದು ಮನೆಯ ಮುಂದಿನ ರಸ್ತೆಯಲ್ಲಿ ನಾಲ್ಕು ಅಡಿ ಜಾಗ.

ಹೆಲ್ಮೆಟ್ಟಿನ ವಿಷಯದಲ್ಲಿ ಸ್ಪರ್ಧಾಳುಗಳೇ ಬಹುಕಾಲ ಹಟ ಹಿಡಿದಿದ್ದರು. ಸೆಕೆ, ಭಾರ, ಬೆಟ್ಟ ಏರುವಾಗ ಉಸಿರುಕಟ್ಟುವಿಕೆ ಎಂದು ಅವರ ವಾದ. 2003ರ ಮಾರ್ಚಿನಲ್ಲಿ ಪ್ಯಾರಿಸ್-ನೀಸ್ ಸ್ಪರ್ಧೆಯಲ್ಲಿ ಕಜಾಕಿಸ್ತಾನದ ಆಂದ್ರೇ ಕಿವಿಲೆವ್ ಇತರರಿಗೆ ಡಿಕ್ಕಿ ಹೊಡೆದು ಬಿದ್ದ. ತಲೆಗೆ ಏನೂ ಧರಿಸಿರಲಿಲ್ಲ. ಮರುದಿನ ತೀರಿಕೊಂಡ. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಇದಕ್ಕೂ ಹಿಂದಿನ, ಇನ್ನೂ ಕರುಣಾಜನಕವಾದ ಸಾವು ಟಾಮ್ ಸಿಂಪ್ಸನ್ನನದು. 1967ರ ಜುಲೈ 13ರಂದು, ಉರಿಬಿಸಿಲಿನಲ್ಲಿ, ಫ್ರಾನ್ಸಿನ ಮರಗಳಿಲ್ಲದ ವಾಂತೂ ಬೆಟ್ಟದ ತುದಿಗೆ ಇನ್ನೇನು ಮುಟ್ಟಬೇಕು ಎನ್ನುವಾಗ ಈ ಇಂಗ್ಲಿಷ್ ವೀರ ಕುಸಿದು ಪ್ರಾಣ ಬಿಟ್ಟ. ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕವೂ ಮದ್ಯವೂ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಆ ಕಾಲದಲ್ಲಿ ಸವಾರರಿಗೆ ನೀರನ್ನೂ ಮಿತಿಹಾಕಿ ಕೊಡುತ್ತಿದ್ದರು, ಹೆಚ್ಚು ನೀರು ಕುಡಿಯುವುದು ದುರ್ಬಲರ ಲಕ್ಷಣವೆಂಬ ನಂಬಿಕೆಯಿತ್ತು. ನಮ್ಮ ಏಪ್ರಿಲ್ ಮೇ ತಿಂಗಳುಗಳ ಬಿಸಿಲಿನಲ್ಲಿ ಉತ್ಸಾಹಕ್ಕೆ ಬಿದ್ದು ದೂರ ಹೋಗುವ ತರುಣರು ಈ ಕತೆಯನ್ನು ತಿಳಿದಿರಬೇಕು. ಬಾಯಾರುವ ಮುನ್ನ ಗುಟುಕು ಗುಟುಕಾಗಿ ನೀರು, ಒಂದು ಗಂಟೆ ಮೀರಿದರೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ನಿಂಬೆಪಾನಕ, ಬೆಳಗ್ಗೆ ಎಂಟರೊಳಗೆ ಮನೆ ಸೇರುವುದು. ತಲೆ ಸುತ್ತಿ, ಬೆವರು ನಿಂತು, ಮಾತು ತೊದಲಿದರೆ ನೆರಳಿಗೆ ಒಯ್ದು ಮೈಗೆ ನೀರು ಹೊಯ್ದು ಆಸ್ಪತ್ರೆಗೆ ಸಾಗಿಸಬೇಕು.

ಸಿಂಪ್ಸನ್ ಓಡಿದ ಆ ಸ್ಪರ್ಧೆ ಟೂರ್ ಡಿ ಫ್ರಾನ್ಸ್. ಪತ್ರಿಕೆಯೊಂದರ ಪ್ರಸಾರ ಹೆಚ್ಚಿಸಲು 1903ರಲ್ಲಿ ಹೂಡಿದ ಉಪಾಯವದು. ಅಂದು ಹೊರಟವರು 60 ಮಂದಿ, ಮುಗಿಸಿದವರು 21, ಗೆದ್ದವನು ಮೋರಿಸ್ ಗಾರಾಂ. ಅದರ ಸ್ಥಾಪಕ ಆಂರಿ ದೆಗ್ರಾಂಜನಿಗೆ ಯಂತ್ರಸಹಾಯವೆಂದರೆ ಆಗದು. ಸವಾರಿ ಮಾಡುತ್ತಲೇ ಗೇರು ಬದಲಿಸುವ ಸಲಕರಣೆಗೆ ಅಲ್ಲಿ ಅನುಮತಿ ದೊರೆತುದು 1937ರಲ್ಲಿ. ಅಷ್ಟರವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ತಿರುಗಿಸಿ ಹಾಕಿಕೊಂಡು ಹತ್ತಬೇಕಾಗಿತ್ತು. ಇಂದು 21 ಹಂತಗಳಲ್ಲಿ ಸುಮಾರು 3,300 ಕಿಲೋಮೀಟರ್ ಕ್ರಮಿಸುವ ಈ ಸ್ಪರ್ಧೆಯನ್ನು ದೂರದರ್ಶನದಲ್ಲಿ ನೋಡುವವರಿಗೆ ಒಂದು ಸಂಶಯ ಬರುವುದುಂಟು: ನೂರಾರು ಮಂದಿ ಒಟ್ಟಾಗಿ ಹೋಗುವುದಾದರೆ ಪೈಪೋಟಿ ಎಲ್ಲಿ ಬಂತು? ಉತ್ತರ ಗಾಳಿಯಲ್ಲಿದೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋಗುವವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆದುದರಿಂದ ನಾಯಕನನ್ನು ಗುಂಪಿನ ಮರೆಯಲ್ಲಿ ಕಾಪಾಡಿ, ಬೆಟ್ಟ ಬಂದಾಗ ಬಿಡುವುದು ತಂಡದ ಕೆಲಸ. ಗೆಲ್ಲುವವನೊಬ್ಬ, ಅವನಿಗಾಗಿ ಗಾಳಿ ತಿನ್ನುವವರು ಏಳು ಮಂದಿ. (ಬಸ್ಸಿನ ಬೆನ್ನಿಗೆ ಅಂಟಿಕೊಂಡು ಈ ಲಾಭ ಪಡೆಯಲು ಹೋಗುವ ಹುಡುಗರು ಬಸ್ಸಿನ ಬ್ರೇಕನ್ನು ಮರೆತಿರುತ್ತಾರೆ.)

ಈಗಿನ ಕಾಲದ ದೊಡ್ಡ ಹೆಸರು ಸ್ಲೊವೇನಿಯಾ ಎಂಬ ಪುಟ್ಟ ದೇಶದ ತಾದೇಯ್ ಪೊಗಾಚರನದು. 2024ರಲ್ಲಿ ಇಟಲಿಯ ಜಿರೋ, ಫ್ರಾನ್ಸಿನ ಟೂರ್, ವಿಶ್ವ ಚಾಂಪಿಯನ್‌ಷಿಪ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದ. ಪುರುಷರಲ್ಲಿ ಅವನಿಗೆ ಮೊದಲು ಇದನ್ನು ಸಾಧಿಸಿದವರು 1974ರಲ್ಲಿ ಎಡ್ಡಿ ಮರ್ಕ್ಸ್, 1987ರಲ್ಲಿ ಸ್ಟೀಫನ್ ರೋಶ್ ಇಬ್ಬರೇ. 2025ರಲ್ಲಿ ನಾಲ್ಕನೆಯ ಬಾರಿ ಟೂರ್ ಗೆದ್ದು, ಆ ಸೆಪ್ಟೆಂಬರಿನಲ್ಲಿ ರುವಾಂಡದ ಕಿಗಾಲಿಯಲ್ಲಿ ವಿಶ್ವ ಪ್ರಶಸ್ತಿಯನ್ನು ಮತ್ತೆ ಉಳಿಸಿಕೊಂಡ. ರಸ್ತೆ ಸೈಕ್ಲಿಂಗಿನ ವಿಶ್ವ ಚಾಂಪಿಯನ್‌ಷಿಪ್ ಆಫ್ರಿಕದಲ್ಲಿ ನಡೆದುದು ಅದೇ ಮೊದಲು. ಅದಕ್ಕೂ ಹಿಂದಿನ ವರ್ಷ ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್ ಟೂರಿನ ಹಸಿರು ಅಂಗಿಯನ್ನು ಗೆದ್ದಿದ್ದ. ಹೆಂಗಸರ ಟೂರ್ 2022ರಲ್ಲಿ ಹೊಸದಾಗಿ ಆರಂಭವಾಗಿ, 2025ರಲ್ಲಿ ಫ್ರಾನ್ಸಿನವಳೇ ಆದ ಪೋಲಿನ್ ಫೆರಾಂ-ಪ್ರೆವೋ ಗೆದ್ದಳು. ಈ ಸ್ಪರ್ಧಾಳುಗಳ ಸೈಕಲ್ 6.8 ಕಿಲೋಗ್ರಾಮಿಗಿಂತ ಹಗುರವಾಗಿರಬಾರದೆಂದು ನಿಯಮವಿದೆ. ಬೆಲೆ ಹತ್ತು ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಆದರೆ ಅವರ ಟೈರುಗಳ ಕತೆ ಸ್ವಾರಸ್ಯಕರ. ಕಿರಿದಾದ, ಕಲ್ಲಿನಂತೆ ಗಾಳಿ ತುಂಬಿದ ಟೈರೇ ವೇಗವೆಂದು ನಂಬಿ 23 ಮಿಲಿಮೀಟರ್ ಅಗಲದವನ್ನು ಬಳಸುತ್ತಿದ್ದವರು ಈಗ 28, 30ಕ್ಕೆ ಬಂದಿದ್ದಾರೆ, ಗಾಳಿಯನ್ನೂ ಇಳಿಸಿದ್ದಾರೆ. ಒರಟು ರಸ್ತೆಯಲ್ಲಿ ತುಸು ಅಗಲವಾದ, ತುಸು ಮೆತ್ತನೆಯ ಟೈರು ಕುಪ್ಪಳಿಸದೆ ಉರುಳುತ್ತದೆಂದು ಪ್ರಯೋಗಗಳು ತೋರಿಸಿಕೊಟ್ಟವು. ಫ್ರಾನ್ಸಿನ ರಸ್ತೆಗೇ ಅದು ನಿಜವಾದರೆ ನಮ್ಮ ರಸ್ತೆಗಳಿಗೆ ಕೇಳಬೇಕೆ! ಕಚೇರಿಗೆ ಹೋಗುವವರು 35ರಿಂದ 40 ಮಿಲಿಮೀಟರಿನ ಟೈರನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.

ನಮ್ಮ ದೇಶಕ್ಕೂ ಈ ಆಟದಲ್ಲಿ ಹಳೆಯ ನಂಟಿದೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ಅವರಲ್ಲಿ ಅದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭುಂಗಾರಾ ಮೂವರು 1928ರಲ್ಲಿ, ಸುಮಾರು 71,000 ಕಿಲೋಮೀಟರ್ ಸುತ್ತಿ ಮರಳಿದರು. ಅವರ ಪ್ರವಾಸ ಗ್ರಂಥಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ಮುಂಬಯಿ-ಪುಣೆ ಸೈಕಲ್ ಸ್ಪರ್ಧೆಯ ಹೆಸರು ಕೇಳದ ಪುಣೆ ಕನ್ನಡಿಗರಿಲ್ಲ. ಖೋಪೋಲಿಯಿಂದ ಖಂಡಾಳಕ್ಕೆ ಬೋರ್ ಘಾಟಿನ ಸುಮಾರು 500 ಮೀಟರ್ ಏರನ್ನು ಮೊದಲು ಹತ್ತಿದವನಿಗೆ ಘಾಟಿನ ರಾಜನೆಂಬ ಬಿರುದು. ಕೆಲವರಿಗೆ ಪುಣೆಯ ಅಂತಿಮ ಗೆಲುವಿಗಿಂತ ಅದೇ ಹೆಚ್ಚಿನದು. 2010ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ದಿಲ್ಲಿಯ ರಸ್ತೆಗಳಲ್ಲಿ ಆಸ್ಟ್ರೇಲಿಯದ ಆಲನ್ ಡೇವಿಸ್ ಚಿನ್ನ ಗೆದ್ದುದನ್ನು ಅಲ್ಲಿನವರು ಬೀದಿಯ ಬದಿಯಲ್ಲಿಯೇ ನಿಂತು ಕಂಡರು.

ಕರ್ನಾಟಕದ ತಂಡ ರಾಷ್ಟ್ರೀಯ ಸ್ಪರ್ಧೆಗೆ ಹೊರಟಾಗ ಅದರಲ್ಲಿ ಎದ್ದು ಕಾಣುವುದು ಬೆಂಗಳೂರಲ್ಲ, ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಮಟ್ಟಸವಾದ ಬಯಲು, ನೇರ ರಸ್ತೆ, ತಡೆಯಿಲ್ಲದೆ ಬೀಸುವ ಗಾಳಿ, ಇವೇ ಅಲ್ಲಿನ ಹುಡುಗ ಹುಡುಗಿಯರ ಮೊದಲ ಗುರುಗಳಿರಬೇಕು. ಜೋಳದ ರೊಟ್ಟಿ ತಿಂದು ಹೊಲದ ದಾರಿಯಲ್ಲಿ ಬೆಳೆದ ಇವರಲ್ಲಿ ಹಲವರು ಸೈಕಲ್ಲಿನ ಬಲದಿಂದಲೇ ರೈಲ್ವೆಯಲ್ಲಿ ನೌಕರಿ ಪಡೆದು ಊರು ಬಿಟ್ಟಿದ್ದಾರೆ. ಅವರಲ್ಲಿ ಯಾರಾದರೂ ಮುಂಬಯಿಯಲ್ಲೋ ಪುಣೆಯಲ್ಲೋ ಸ್ಪರ್ಧೆಗೆ ಬಂದಾಗ ರಸ್ತೆಯ ಬದಿಯಲ್ಲಿ ನಿಂತು ಕನ್ನಡದಲ್ಲಿ ಹೆಸರು ಕೂಗುವವರು ನಾಲ್ಕು ಮಂದಿಯಾದರೂ ಇರಬೇಕು. ನಮ್ಮ ಸಂಘಗಳು ಕ್ರಿಕೆಟ್ ಪಂದ್ಯಕ್ಕೆ ಬಸ್ಸು ಮಾಡುವಂತೆ ಇದಕ್ಕೂ ಒಂದು ಬೆಳಗ್ಗೆ ಮೀಸಲಿಡಬಹುದು. ಹತ್ತಿರವಿರುವವರು ಸೈಕಲ್ಲಿನಲ್ಲಿಯೇ ಬರಲಿ.